ಒಂದು ಬೆರಳು ಹೊರಗೆ

ನಮ್ಮ ಅಂಗಡಿಗೆ ಬಂದವರು ಈಗೀಗ ಚಪ್ಪಲಿ ಕೇಳುವ ಮೊದಲು ಹಲಗೆಯ ವಿಷಯ ಕೇಳುತ್ತಾರೆ. ಗಲ್ಲೆಯ ಹಿಂದೆ, ಗಂಬೂಟುಗಳ ಸಾಲಿನ ಪಕ್ಕದಲ್ಲಿ, ನನ್ನ ಹಣೆಯೆತ್ತರದ ಹಲಗೆಯೊಂದು ಗೋಡೆಗೆ ಒರಗಿ ನಿಂತಿದೆ. ಎರಡೂ ತುದಿ ದುಂಡಗಾಗಿ ಮೇಲಕ್ಕೆ ಬಾಗಿವೆ. ಮೈಗೆ ಗಿಳಿಹಸಿರು ಬಣ್ಣ, ಅಂಚಿಗೆ ಉಕ್ಕಿನ ಪಟ್ಟಿ. ಅದನ್ನು ಒಬ್ಬರು ಇಸ್ತ್ರಿ ಹಲಗೆ ಎಂದರು. ಪಕ್ಕದ ಬೇಕರಿಯವರು ಗಣೇಶ ಚೌತಿಯ ಮಂಟಪದ ಬಿಡಿಭಾಗ ಎಂದರು. ಅದಿರಿನ ಲಾರಿ ಓಡಿಸುವ ಡ್ರೈವರೊಬ್ಬ ಬೆರಳ ಗೆಣ್ಣಿನಿಂದ ಅದನ್ನು ಕುಟ್ಟಿ ನೋಡಿ, "ಇದು ಯಾವ ಗಾಡೀದ್ರಿ?" ಎಂದು ಕೇಳಿದ. ಇದ್ದುದರಲ್ಲಿ ಅವನೇ ಸತ್ಯಕ್ಕೆ ಹತ್ತಿರ ಬಂದವನು.

ಇದು ಹಿಮದ ಮೇಲೆ ಜಾರುವ ಹಲಗೆ, ಸ್ನೋಬೋರ್ಡ್. ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಂಡು, ಮೀನಿನ ಡಬ್ಬಿಯನ್ನು ಹೊರಗೆ ಬರಗೊಡದೆ ಸತಾಯಿಸುವ ವಸ್ತು ಎಂದಷ್ಟೇ ಬಲ್ಲ ಊರು ಗೋವಾದ ನಮ್ಮ ಡಿಚೋಲಿ. ಡಿಸೆಂಬರಿನಲ್ಲಿ ಮುಂಜಾವು ಸ್ವಲ್ಪ ತಂಪಾದರೆ ಸಾಕು, ಕಿವಿಗೆ ಮಫ್ಲರ್ ಸುತ್ತಿಕೊಂಡು ಪಾವ್ ತರಲು ಹೊರಡುವ ಜನ ನಾವು. ಇಂಥಲ್ಲಿಗೆ ಆ ಹಲಗೆ ಬಂದದ್ದು ನನ್ನ ಜಾಣತನದಿಂದ. ಜಾಣತನ ಎನ್ನುವ ಮಾತನ್ನು ನನ್ನ ಹೆಂಡತಿ ಕಸ್ತೂರಿ ಹೇಳುವ ಧಾಟಿಯಲ್ಲಿ ಓದಿಕೊಳ್ಳಬೇಕು. ಕೂತುಕೊಳ್ಳಿ, ಹೇಳುತ್ತೇನೆ. ಆ ಸ್ಟೂಲು ಬೇಡ, ಅದರ ಒಂದು ಕಾಲು ಗಿಡ್ಡ. ಎಲ್ಲರ ಕಾಲಿನ ಅಳತೆ ತೆಗೆಯುವ ನಾನು ಅದರ ಕಾಲನ್ನು ಇನ್ನೂ ಸರಿಮಾಡಿಸಿಲ್ಲ.

ಈ ಅಂಗಡಿ ಇಟ್ಟವರು ನಮ್ಮಪ್ಪ. ಬೈಲಹೊಂಗಲದ ಕಡೆಯವರು. ಗಣಿಗಳು ಜೋರಾಗಿದ್ದ ಕಾಲದಲ್ಲಿ ಇಲ್ಲಿಗೆ ಬಂದರು. ಬಂಧುಗಳೆಲ್ಲ ಬೆಲ್ಲ, ಬೇಳೆ, ಅರಿವೆ ಮಾರುವವರು. "ಮಂದಿ ಕಾಲ ಮುಟ್ಟೂ ಯಾಪಾರ ಯಾಕ ಬೇಕಾಗಿತ್ತೋ ನಿನಗ?" ಎಂದು ಮೂಗು ಮುರಿದರು. ಅಪ್ಪ ಜಗಳಕ್ಕೆ ಹೋಗಲಿಲ್ಲ. ಬುದ್ಧಿ ಹೇಳಲು ಬಂದ ಬಂಧುಗಳನ್ನೇ ಸ್ಟೂಲಿನ ಮೇಲೆ ಕೂಡಿಸಿ, ಕಾಲು ಹಿಡಿದು ಅಳತೆ ನೋಡಿ, ತಲೆಗೊಂದು ಜೋಡು ಮಾರಿ ಕಳಿಸಿದರು.

ಆಗ ಗಿರಾಕಿಗಳಲ್ಲಿ ಹೆಚ್ಚಿನವರು ಗಣಿಗೂ ಲಾರಿಗೂ ದುಡಿಯುವ ನಮ್ಮ ಕಡೆಯ ಗಂಡಸರು. ಊರಿಗೆ ಹೊರಡುವ ವಾರ ಅಂಗಡಿಗೆ ಬಂದು, ಅಂಗಿಯ ಕಿಸೆಯಿಂದ, ರುಮಾಲಿನ ಮಡಿಕೆಯಿಂದ ಕಡ್ಡಿಗಳನ್ನು ಹೊರತೆಗೆಯುತ್ತಿದ್ದರು. ಊರಿನಲ್ಲಿರುವವರ ಪಾದದ ಉದ್ದಕ್ಕೆ ಸರಿಯಾಗಿ ಮುರಿದ ಕಡ್ಡಿಗಳು. ಕಸಬರಿಗೆಯದು ತಾಯಿಯದು, ಜೋಳದ ದಂಟಿನ ಸಿಬಿರು ಹೆಂಡತಿಯದು, ಬೆಂಕಿಕಡ್ಡಿಗಿಂತ ತುಸು ಉದ್ದನೆಯದು ಕೂಸಿನದು. ಕಲಬೆರಕೆಯಾಗಬಾರದೆಂದು ಬಣ್ಣಬಣ್ಣದ ದಾರ ಕಟ್ಟಿರುತ್ತಿತ್ತು. ಅಪ್ಪ ಕಡ್ಡಿಯನ್ನು ಚಪ್ಪಲಿಯ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ತಾವು ಎಂದೂ ಕಾಣದ ಕಾಲಿಗೆ ಚಪ್ಪಲಿ ಕೊಡುತ್ತಿದ್ದರು. ಕೆಲಸ ಮುಗಿದ ಕಡ್ಡಿಗಳನ್ನು ಎಸೆಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಒಂದು ದೊಡ್ಡ ಬಿಸ್ಕಿಟ್ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಆ ಡಬ್ಬಿ ಇನ್ನೂ ನನ್ನ ಗಲ್ಲೆಯ ಕೆಳಗಿದೆ.

ಅಪ್ಪ ನನಗೆ ಕಲಿಸಿದ ವಿದ್ಯೆ ಎರಡು ಮಾತಿನದು. "ಮುಂದ ಒಂದ ಬೆರಳ ಖಾಲಿ ಇರಬೇಕು. ಹಿಂದ ಹಿಂಬಡ ಹೊರಗ ಹೋಗಬಾರ್ದು. ಮುಗೀತು, ಇದರ ಮ್ಯಾಲ ಏನೂ ಇಲ್ಲ." ಈ ಒಂದು ಬೆರಳಿನ ಜಾಗವನ್ನು ಅವರು ಗಿರಾಕಿಗಳಿಗೆ ಒಂದೇ ಬೆರಳಿನಷ್ಟು ಬಿಡುತ್ತಿದ್ದರು. ನನಗೆ ಮಾತ್ರ ಧಾರಾಳವಾಗಿ ಎರಡು ಬೆರಳು. "ಬೆಳಿಯೂ ಕಾಲು" ಎಂದು ಕಾರಣ ಹೇಳುತ್ತಿದ್ದರು. ಖರ್ಚಾಗದೆ ಉಳಿದ ದೊಡ್ಡ ನಂಬರುಗಳೇ ನನ್ನ ಪಾಲಿಗೆ ಬರುತ್ತಿದ್ದವು ಎಂಬ ಗುಮಾನಿ ನನಗೆ ಮೂರನೇ ಇಯತ್ತೆಯಿಂದಲೂ ಇದೆ. ಬೂಟಿನ ಮೂತಿಯಲ್ಲಿ ಮರಾಠಿ ಪೇಪರಿನ ಉಂಡೆ ತುರುಕಿಕೊಂಡು ನಾನು ಶಾಲೆಗೆ ಹೋಗುತ್ತಿದ್ದೆ. ಒಂದು ವರ್ಷ ಕವಾಯತಿನಲ್ಲಿ ಬಲಗಾಲನ್ನು ಉತ್ಸಾಹದಿಂದ ಎತ್ತಿದೆ. ಬೂಟು ನನಗಿಂತ ಮುಂದೆ ಹೋಗಿ ಸಾಲು ದಾಟಿ ಬಿತ್ತು. ಒಳಗಿನ ಪೇಪರಿನ ಉಂಡೆ ಇನ್ನೂ ಮುಂದೆ ಉರುಳಿ ಮುಖ್ಯ ಅತಿಥಿಗಳ ಕುರ್ಚಿಯ ಬುಡದಲ್ಲಿ ನಿಂತಿತು. ಅವರು ಅದನ್ನು ಮನವಿಪತ್ರವೆಂದು ತಿಳಿದು ಬಿಡಿಸಿ ಓದಿದರು.

ಅಪ್ಪನ ಅಳತೆ ತಪ್ಪಿದ್ದು ನನಗೆ ತಿಳಿದಂತೆ ಒಂದೇ ಸಲ. ಬಾದಾಮಿ ಕಡೆಯ ಯಮನಪ್ಪ ಎಂಬ ಲಾರಿ ಡ್ರೈವರ್ ಹೊಸದಾಗಿ ಮದುವೆಯಾಗಿದ್ದ. ಹೆಂಡತಿಗೆ ಗೊತ್ತಾಗದ ಹಾಗೆ ಚಪ್ಪಲಿ ಒಯ್ದು ಕೊಡಬೇಕೆಂಬ ಆಸೆ ಅವನಿಗೆ. ಅವಳು ಮಧ್ಯಾಹ್ನ ಮಲಗಿದ್ದಾಗ ಪಾದಕ್ಕೆ ಕಡ್ಡಿ ಹಿಡಿದು ಮುರಿದುಕೊಂಡು ಬಂದಿದ್ದ. ಅಪ್ಪ ಕೆಂಪು ಪಟ್ಟಿಯ ಒಂದು ಜೋಡು ಆರಿಸಿ ಕೊಟ್ಟರು. ಒಂದು ವರ್ಷ ಕಳೆದು ಯಮನಪ್ಪ ಹೆಂಡತಿಯನ್ನು ಡಿಚೋಲಿಗೆ ಕರೆತಂದ. ರೇಣವ್ವ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅಪ್ಪನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಹಿಮ್ಮಡಿ ಒಂದು ಬೆರಳಿನಷ್ಟು ಹೊರಗಿತ್ತು.

"ಇದೇನ ತಂಗಿ, ವರ್ಷಗಟ್ಲೆ ಹಿಂಗ ಅಡ್ಡಾಡಿದಿ?" ಎಂದು ಅಪ್ಪ ಗಾಬರಿಯಾಗಿ ಕೇಳಿದರು.

"ನಾ ಮಕ್ಕೊಂಡಾಗ ಕಡ್ಡಿ ಓರೆ ಹಿಡದಾರ್ರಿ ಇವ್ರು. ಓರೆ ಹಿಡದ್ರ ಅಳತಿ ಗಿಡ್ಡ ಬರತೈತಿ" ಎಂದಳು ರೇಣವ್ವ.

"ಮತ್ತ ಅಂವಗ ಹೇಳಬಾರ್ದೇನ? ಬದಲಿ ಮಾಡಿ ಕೊಡತಿದ್ನಿ."

ಅವಳು ಅಂಗಡಿಯ ಹೊರಗೆ ಬೀಡಿ ಸೇದುತ್ತ ನಿಂತಿದ್ದ ಗಂಡನ ಕಡೆ ನೋಡಿ ದನಿ ತಗ್ಗಿಸಿದಳು. "ಎಷ್ಟ ಹೌಸಿಲೇ, ಪ್ರೀತಿಲೇ ತಂದಿದ್ರರೀ ಅಣ್ಣಾರ. ಹೆಂಗ ಹೇಳೂದು?"

ಅಪ್ಪ ಆ ಸಂಗತಿಯನ್ನು ಸಾಯುವವರೆಗೂ ಹೇಳುತ್ತಿದ್ದರು. ನನ್ನ ಪಾಲಿಗೆ ಅದು ಕಡ್ಡಿಯನ್ನು ಓರೆ ಹಿಡಿಯಬಾರದು ಎಂಬ ವ್ಯಾಪಾರದ ಪಾಠವಾಗಿತ್ತು. ಅದರಲ್ಲಿ ಇನ್ನೊಂದು ಪಾಠವೂ ಇತ್ತೆಂದು ತಿಳಿಯಲು ನಾನು ಐವತ್ತೆಂಟು ವರ್ಷದವನಾಗಬೇಕಾಯಿತು.

ಈಗ ಮಗಳ ಕಾಲಿಗೆ ಬರೋಣ. ಸಾವಿತ್ರಿಗೆ ಇಪ್ಪತ್ತನಾಲ್ಕು ವರ್ಷ, ಪಾದ ಒಂಬತ್ತು ನಂಬರು. ಹೆಣ್ಣುಮಕ್ಕಳ ಡಬ್ಬಿಗಳು ನನ್ನ ಅಂಗಡಿಯಲ್ಲಿ ಎಂಟಕ್ಕೆ ನಿಂತುಬಿಡುತ್ತವೆ. ಚಪ್ಪಲಿ ಅಂಗಡಿಯವನ ಮಗಳಿಗೆ ಅಪ್ಪನ ಅಂಗಡಿಯಲ್ಲೇ ಚಪ್ಪಲಿ ಸಿಗದು. ಇದು ನಮ್ಮವ್ವನಿಂದ ಇಳಿದು ಬಂದ ಆಸ್ತಿ, ನನ್ನ ದಾರಿಯಲ್ಲೇ ಅವಳಿಗೆ ಮುಟ್ಟಿದೆ. ಅವಳು ಏಳನೆಯ ಇಯತ್ತೆಯಲ್ಲಿದ್ದಾಗ ಗಂಡುಹುಡುಗರ ಕಪ್ಪು ಬೂಟು ಕೊಟ್ಟು, ಡಬ್ಬಿಯ ಮೇಲಿದ್ದ 'ಬಾಯ್ಸ್' ಎಂಬ ಅಕ್ಷರಗಳನ್ನು ಬ್ಲೇಡಿನಿಂದ ಹೆರೆದು ತೆಗೆದಿದ್ದೆ. ಅದೇ ಅಕ್ಷರಗಳು ಅಟ್ಟೆಯ ಅಡಿಯಲ್ಲೂ ಉಬ್ಬಿಕೊಂಡಿರುವುದನ್ನು ನೋಡಿರಲಿಲ್ಲ. ಮಳೆಗಾಲ ಶುರುವಾಯಿತು. ಶಾಲೆಯ ಜಗುಲಿಯುದ್ದಕ್ಕೂ ಡಿಚೋಲಿಯ ಕೆಂಪು ರಾಡಿಯಲ್ಲಿ, ನನ್ನ ಮಗಳು ನಡೆದಲ್ಲೆಲ್ಲ ಆ ಅಕ್ಷರಗಳು ಉಲ್ಟಾ ಮುದ್ರೆ ಬಿದ್ದವು. ಹುಡುಗಿಯರು ಒಂದು ವಾರ ಅವುಗಳ ಬೆನ್ನು ಹತ್ತಿ ನಕ್ಕರಂತೆ. ಅವಳು ನನಗೆ ಹೇಳಲಿಲ್ಲ. ಅವ್ವನಿಗೆ ಹೇಳಿ, "ಪಪ್ಪಾಗ ಹೇಳಬ್ಯಾಡ" ಎಂದಿದ್ದಳು. ಕಸ್ತೂರಿಗೆ ಹೇಳಬೇಡ ಎನ್ನುವುದೂ, ಧ್ವನಿವರ್ಧಕ ಕಟ್ಟಿ ಹೇಳು ಎನ್ನುವುದೂ ಒಂದೇ.

ದೊಡ್ಡವಳಾದ ಮೇಲೆ ಸಾವಿತ್ರಿ ತನ್ನ ಕಾಲಿಗೆ ತಾನೇ ಜಾಗ ಹುಡುಕಿಕೊಂಡಳು. ಹರಮಲ್ ಕಡೆಯ ಒಂದು ಬೀಚಿನಲ್ಲಿ, ಸಮುದ್ರದ ತೆರೆಯ ಮೇಲೆ ಹಲಗೆ ಹತ್ತಿ ನಿಲ್ಲುವುದನ್ನು ಬಂದವರಿಗೆ ಕಲಿಸುತ್ತಾಳೆ. "ಪಾದ ದೊಡ್ಡದಿದ್ರ ಚಲೋ ಹಿಡಿತ ಸಿಗತೈತಿ ಪಪ್ಪಾ" ಎಂದು ನನ್ನನ್ನು ಸಮಾಧಾನಪಡಿಸುತ್ತಾಳೆ. ಅಲ್ಲಿ ಚಪ್ಪಲಿಯೇ ಬೇಡ. ಚಪ್ಪಲಿ ವ್ಯಾಪಾರಿಯ ಮಗಳು ಬರಿಗಾಲಿನ ಉದ್ಯೋಗ ಹಿಡಿದಳಲ್ಲ ಎಂದು ನಮ್ಮ ಬಂಧುಗಳು ಮತ್ತೊಮ್ಮೆ ಮೂಗು ಮುರಿದಿದ್ದಾರೆ.

ಅಲ್ಲಿಯೇ ಅವಳಿಗೆ ಒಲ್ಗಾ ಎಂಬ ವಿದೇಶಿ ಗೆಳತಿ ಸಿಕ್ಕಿದ್ದು. ಆಕೆ ಹಿಮ ಬೀಳುವ ತಿಂಗಳುಗಳನ್ನು ಕಾಶ್ಮೀರದ ಗುಲ್ಮರ್ಗದಲ್ಲಿ ಕಳೆದು, ಆಮೇಲೆ ಮೈ ಕಾಯಿಸಿಕೊಳ್ಳಲು ಗೋವಾಕ್ಕೆ ಬರುತ್ತಿದ್ದಳು. ಆಕೆಯ ಪಾದವೂ ಒಂಬತ್ತು. ದೇಶಕ್ಕೆ ಮರಳುವಾಗ ತನ್ನ ಸ್ನೋಬೋರ್ಡನ್ನೂ ಬೂಟನ್ನೂ ಸಾವಿತ್ರಿಗೆ ಕೊಟ್ಟು ಹೋದಳು. ಆ ದಿನ ಮಗಳು ಅಂಗಡಿಗೆ ಓಡಿ ಬಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

"ಪಪ್ಪಾ, ನೋಡ್ರಿ! ಹೆಣ್ಮಕ್ಕಳ ಬೂಟು! ಒಂಬತ್ತ ನಂಬರ!"

ಬೂಟಿನ ನಾಲಿಗೆ ಎತ್ತಿ ಒಳಗಿನ ಚೀಟಿ ತೋರಿಸಿದಳು. ನಾನು ಚಲೋ ಐತಿ ಎಂದೆ. ನಲವತ್ತು ವರ್ಷ ಊರಿನ ಕಾಲಿಗೆಲ್ಲ ಬೂಟು ಕೊಟ್ಟವನು ಮಗಳಿಗೆ ಕೊಡಲಾಗದ್ದನ್ನು ಯಾರೋ ಪರದೇಶದ ಹೆಂಗಸು ಕೊಟ್ಟುಹೋಗಿದ್ದಳು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಫೆಬ್ರವರಿಯಲ್ಲಿ ಗುಲ್ಮರ್ಗದಲ್ಲಿ ಹತ್ತು ದಿನದ ತರಬೇತಿ. ಸಾವಿತ್ರಿ ಎರಡು ಸೀಜನ್ನಿನ ರಜೆ ಕೂಡಿಸಿಟ್ಟುಕೊಂಡು ಹೆಸರು ಹಚ್ಚಿದಳು. ಮೊದಲೆಲ್ಲ ಕೆಳಗಿನ ಇಳಿಜಾರಿನಲ್ಲೇ ಕಲಿಕೆ. ಎಡಕ್ಕೂ ಬಲಕ್ಕೂ ಹಲಗೆ ತಿರುಗಿಸಲು ಬಂದವರನ್ನು ಮಾತ್ರ ಕೊನೆಯ ದಿನ ತಂತಿಗೆ ತೂಗುಬಿದ್ದು ಸಾಗುವ ಡಬ್ಬಿಯಲ್ಲಿ ಕೂಡಿಸಿ ಮೇಲಕ್ಕೆ ಒಯ್ಯುತ್ತಾರೆ, ಅಲ್ಲಿಂದ ಜಾರುತ್ತ ಇಳಿಯುವುದು. ಬಾರದವರು ಕೆಳಗೆ ಚಹಾ ಕುಡಿಯುತ್ತ ಕೂಡಬೇಕು. "ಒಮ್ಮಿ ಮ್ಯಾಲಿಂದ ಇಳದ ಬರಬೇಕ ಪಪ್ಪಾ, ಅಷ್ಟ" ಎನ್ನುತ್ತಿದ್ದಳು. ಊಟ ಮಾಡುವಾಗಲೂ ಫೋನಿನಲ್ಲಿ ಆ ಬೆಟ್ಟವನ್ನೇ ನೋಡುತ್ತಿದ್ದಳು.

ಹೊರಡಲು ಒಂದು ವಾರವಿದ್ದಾಗ ಪಡಸಾಲೆಯಲ್ಲಿ ಹಲಗೆ ಹಾಸಿ, ಬೂಟು ಹಾಕಿಕೊಂಡು ಅದರ ಮೇಲೆ ನಿಂತಳು. "ಪಪ್ಪಾ, ಬೂಟಿಗೂ ಹಲಗಿಗೂ ಹೊಂದತೈತಿಲ್ಲೋ ನೋಡ್ರಿ."

ನನಗಿನ್ನೇನು ಬೇಕು? ಕನ್ನಡಕ ಹಾಕಿಕೊಂಡು ಕಡ್ಡಿ ಹಿಡಿದು ಮೊಣಕಾಲೂರಿ ಕೂತೆ. ಈ ಹಲಗೆಯ ಮೇಲೆ ಕಾಲುಗಳನ್ನು ಅಡ್ಡಲಾಗಿ ಇಟ್ಟು ನಿಲ್ಲಬೇಕು. ಹಾಗಾಗಿ ಬೂಟಿನ ಉದ್ದವನ್ನು ಹಲಗೆಯ ಅಗಲಕ್ಕೆ ಹೊಂದಿಸಿ ನೋಡಬೇಕು. ನೋಡಿದೆ. ಬೂಟಿನ ಮೂತಿ ಹಲಗೆಯಿಂದ ಒಂದು ಬೆರಳು ಹೊರಗಿತ್ತು. ಆ ಕಡೆ ಹೋಗಿ ನೋಡಿದೆ. ಹಿಮ್ಮಡಿಯೂ ಒಂದು ಬೆರಳು ಹೊರಗೆ! ಅಪ್ಪನ ಎರಡೂ ಮಾತುಗಳು ಒಂದೇ ಏಟಿಗೆ ಮುರಿದುಬಿದ್ದಿದ್ದವು.

"ಇದು ನಿನಗ ಸಣ್ಣದಾತು" ಎಂದೆ.

"ಇಲ್ಲ ಪಪ್ಪಾ, ಎರಡೂ ಕಡೆ ಒಂದೀಟ ಹೊರಗ ಇರಬೇಕಂತ. ಬೆರಳ ಒತ್ತಿದ್ರ ಈ ಕಡೆ ಅಂಚು ಹಿಮದಾಗ ನೆಡತೈತಿ, ಹಿಂಬಡ ಒತ್ತಿದ್ರ ಆ ಕಡೆ ಅಂಚು. ಹಂಗ ಒತ್ತಿದ್ರನ ತಿರಗೂದು. ಭಾಳ ಹೊರಗ ಬಂದ್ರ ಬೂಟು ಹಿಮಕ್ಕ ತಾಗಿ ಬೀಳಿಸತೈತಿ. ಪೂರಾ ಒಳಗ ಇದ್ರ ಅಂಚಿಗೆ ಒತ್ತ ಮುಟ್ಟಂಗಿಲ್ಲ. ಒಲ್ಗಾ ಹೇಳ್ಯಾಳ."

"ಒಲ್ಗಾ ಎಷ್ಟ ಕಾಲ ನೋಡ್ಯಾಳ? ನಾ ನಲವತ್ತ ವರ್ಷ ಕಾಲ ನೋಡೇನಿ."

ಕಸ್ತೂರಿ ಅಡುಗೆಮನೆಯಿಂದಲೇ, "ಹಿಮ ಎಷ್ಟ ನೋಡೀರಿ?" ಎಂದಳು. ನಾನು ಕಡ್ಡಿಯನ್ನು ಬೂಟಿನ ಉದ್ದಕ್ಕೆ ಮುರಿದು ಕಿಸೆಗೆ ಹಾಕಿಕೊಂಡೆ.

ಮರುದಿನ ಸಾವಿತ್ರಿ ಕೆಲಸಕ್ಕೆ ಹೋದ ಮೇಲೆ, ಹಲಗೆಯನ್ನು ಹಳೆ ಚಾದರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್, "ಹೇಂ ಕಿತೆಂ ಪಾತ್ರಾಂವ್?" ಎಂದು ಕೇಳಿದ. ಇದೇನು ಧಣಿ ಎಂಬ ಪ್ರಶ್ನೆಗೆ ನಾನು 'ಚಪ್ಪಲಿ' ಎಂದೆ. ಅವನು ಹಲಗೆಯನ್ನು ಮೇಲಿಂದ ಕೆಳಗೆ ನೋಡಿ, ಇನ್ನೊಂದು ಎಲ್ಲಿ ಎನ್ನುವ ಹಾಗೆ ನನ್ನ ಹಿಂದೆ ಬಾಗಿಲ ಕಡೆ ಇಣುಕಿದ.

ಹರಮಲ್‌ನಲ್ಲಿ ವಿದೇಶಿಗರು ಬಿಟ್ಟುಹೋದ ಸಾಮಾನು ಮಾರುವ ಬಸವರಾಜ ಎಂಬ ವಿಜಯಪುರದ ಕಡೆಯ ಮನುಷ್ಯನಿದ್ದಾನೆ. ಗಿಟಾರು, ಡೇರೆ, ಅರ್ಧ ಬಳಸಿದ ಮುಲಾಮು, ಎಲ್ಲವೂ ಅವನಲ್ಲಿ ಸಿಗುತ್ತವೆ. ಹಿಂದಿನ ಗೋಡೆಗೆ ಇಂಥವೇ ನಾಲ್ಕೈದು ಹಲಗೆಗಳು ಒರಗಿದ್ದವು. ಬೂಟಿನ ಉದ್ದಕ್ಕೆ ಮುರಿದ ಕಡ್ಡಿಯನ್ನು ಒಂದೊಂದಕ್ಕೂ ಅಡ್ಡ ಹಿಡಿಯುತ್ತ ಹೋದೆ. ಗಿಳಿಹಸಿರಿನದಕ್ಕೆ ಹಿಡಿದಾಗ ಕಡ್ಡಿಯ ತುದಿ ಅಂಚಿನ ಆಚೆ ಕಾಣಲಿಲ್ಲ. ನನಗೆ ಜೀವ ಬಂದಂತಾಯಿತು.

"ಅದು ಆರೂವರಿ ಫೂಟ ಆಳಿಂದ್ರಿ ಅಣ್ಣಾರ" ಎಂದ ಬಸವರಾಜ. "ಅಂವನ ಬೂಟಿನ್ಯಾಗ ನನ್ನ ಎರಡೂ ಕಾಲ ಹೊಕ್ಕಿದ್ವು. ನಿಮ್ಮ ಹುಡಿಗಿ ಅಷ್ಟ ಎತ್ತರ ಅದಾಳೇನ್ರಿ?"

"ಎತ್ತರ ಬಿಡೋ ಮಾರಾಯಾ. ಕಾಲ ಒಳಗ ಬರತಾವಿಲ್ಲೋ?"

"ಬರತಾವ್ರಿ. ಕಾಲಷ್ಟ ಏನ, ನಿಮ್ಮ ಮನಿ ಮಂದಿ ಎಲ್ಲಾ ಬರತಾರ."

ಹಲಗೆಗೆ ಹಲಗೆ ಬದಲಿ ಮಾಡಿಕೊಂಡೆ. ಸಂಜೆ ಸಾವಿತ್ರಿ ಮನೆಗೆ ಬಂದಾಗ ಪಡಸಾಲೆಯ ನಡುವೆ ಹಸಿರು ಹಲಗೆ ಹಾಸಿ, ಪಕ್ಕದಲ್ಲಿ ನಾನು ನಿಂತಿದ್ದೆ. ಬಿಸಿಲಿಗೆ ನನ್ನ ಮೂಗಿನ ಸಿಪ್ಪೆ ಏಳತೊಡಗಿತ್ತು. ಅವಳು ಹಲಗೆಯನ್ನು ನೋಡಿದಳು, ನನ್ನ ಮೂಗನ್ನು ನೋಡಿದಳು. ಬೂಟು ಹಾಕಿಕೊಂಡು ಮೇಲೆ ನಿಂತಳು. ನಾನು ಕಡ್ಡಿ ಹಿಡಿದು ತೋರಿಸಿದೆ. ಮುಂದೆ ಒಳಗೆ, ಹಿಂದೆ ಒಳಗೆ.

"ಹೆಂಗೈತಿ?"

"ಭಾಳ ಚಲೋ ಐತಿ ಪಪ್ಪಾ" ಎಂದಳು. ಅವಳ ಬಾಯಿಂದ ಆ ಮಾತು ಬರಲು ತುಸು ಹೊತ್ತು ಹಿಡಿಯಿತು. ನಾನು ಅದನ್ನು ಆನಂದ ಎಂದುಕೊಂಡೆ.

ಗುಲ್ಮರ್ಗ ಸೇರಿದ ಮೇಲೆ ಅವಳು ದಿನಾಲು ಸಂಜೆ ಹೋಟೆಲಿನ ವೈಫೈ ಹಿಡಿದು ಫೋನು ಮಾಡುತ್ತಿದ್ದಳು. ನನ್ನ ಕೂಡ ಮಾತಾಡುವಾಗ ಹಿಮ ಹೇಗಿದೆ, ಚಹಾ ಹೇಗಿದೆ ಎಂಬ ವರದಿ. ಹಲಗೆ ಹೇಗಿದೆ ಎಂದರೆ, "ಚಲೋ ನಡದೈತಿ ಪಪ್ಪಾ." ನಾನು ಮೊದಲ ಮೂರು ದಿನ ಅಂಗಡಿಗೆ ಬಂದವರಿಗೆಲ್ಲ ಸ್ನೋಬೋರ್ಡಿನ ಅಗಲದ ಬಗ್ಗೆ ಪಾಠ ಹೇಳಿದೆ. ಗಂಬೂಟು ಕೊಳ್ಳಲು ಬಂದವರು ಪಾಪ, ಕಾಲು ನನ್ನ ಕೈಯಲ್ಲಿ ಸಿಕ್ಕಿದ್ದರಿಂದ ಎದ್ದು ಹೋಗಲಾರದೆ ಕೇಳಿಸಿಕೊಂಡರು.

ನಾಲ್ಕನೆಯ ದಿನ ಮಧ್ಯಾಹ್ನ ಕಸ್ತೂರಿ ಊಟದ ಡಬ್ಬಿ ಹಿಡಿದು ಬಂದಳು. ನಾನು ಒಬ್ಬ ಲಾರಿ ಕ್ಲೀನರಿನ ಕಾಲನ್ನು ಬೂಟಿನೊಳಗೆ ಇಳಿಸುತ್ತಿದ್ದೆ. ಬಾಗಿಲಲ್ಲೇ ನಿಂತು, ರಸ್ತೆಯ ಆಚೆಗೂ ಕೇಳುವಂತೆ ಹೇಳಿದಳು: "ನಿಮ್ಮ ಹಲಗಿ ತಿರಗವಲ್ದಂತ! ಮೂರ ದಿನಾ ಆತು, ಹುಡಿಗಿ ಬರೇ ಬೀಳಾಕತ್ತಾಳ. ಪಪ್ಪಾಗ ಹೇಳಬ್ಯಾಡ ಅಂದಾಳ, ಅದಕ್ಕ ನಾ ಏನೂ ಹೇಳಾಂಗಿಲ್ಲ."

ಕ್ಲೀನರ್ ನನ್ನ ಮುಖ ನೋಡಿದ. ನಾನು ಅವನ ಬೂಟು ನೋಡಿದೆ. ಎಡಗಾಲಿನದನ್ನು ಬಲಗಾಲಿಗೆ ತುರುಕುತ್ತಿದ್ದೆ.

ಆ ಮಧ್ಯಾಹ್ನ ನಾನು ಊಟದ ಡಬ್ಬಿಯನ್ನು ತೆರೆಯದೆ ಪಕ್ಕಕ್ಕಿಟ್ಟೆ. ಎರಡು ಸೀಜನ್ ರಜೆ ಕೂಡಿಸಿಟ್ಟವಳು, ಊಟ ಬಿಟ್ಟು ಬೆಟ್ಟ ನೋಡಿದವಳು, ಕೊನೆಯ ದಿನ ಕೆಳಗೆ ಚಹಾ ಕುಡಿಯುತ್ತ ಕೂಡಬೇಕು. ಯಾಕೆಂದರೆ ಅವಳಪ್ಪನಿಗೆ ಕಾಲಿನ ವಿಷಯ ಎಲ್ಲ ಗೊತ್ತು! ನನ್ನ ಮೇಲೇ ನನಗೆ ಹೇಸಿಕೆ ಬಂತು. ಸಂಜೆ ಅವಳ ಫೋನು ಬರುತ್ತಲೇ ಹಿಡಿದುಕೊಂಡೆ.

"ನಿಮ್ಮವ್ವ ನನಗ ಏನೂ ಹೇಳಿಲ್ಲ. ಆದ್ರ ಹಲಗಿ ಯಾಕ ತಿರಗವಲ್ದು?"

ಆ ಕಡೆಯಿಂದ ನಗು ಕೇಳಿಸಿತು. ಆಮೇಲೆ ಸಣ್ಣ ದನಿಯಲ್ಲಿ ಎಲ್ಲ ಹೇಳಿದಳು. ಹಲಗೆ ಅಗಲವಾಯಿತೆಂದು ಕಲಿಸುವ ಮಾಸ್ತರು ಮೊದಲ ದಿನವೇ ಹೇಳಿದ್ದರು. ಎಷ್ಟು ಒತ್ತಿದರೂ ಅಂಚಿಗೆ ಮುಟ್ಟುವುದಿಲ್ಲ. ಉಳಿದವರೆಲ್ಲ ತಿರುಗುವಲ್ಲಿ ಇವಳು ನೆಟ್ಟಗೆ ಹೋಗಿ ಹಿಮದ ರಾಶಿಗೆ ನುಗ್ಗುತ್ತಾಳೆ. ಬಾಡಿಗೆಗೆ ಬೇರೆ ಹಲಗೆ ಕೇಳಿದರೆ, ಸೀಜನ್ನಿನ ಗದ್ದಲದಲ್ಲಿ ಅವಳ ಬೂಟಿಗೆ ಹೊಂದುವಂಥದ್ದು ಒಂದೂ ಉಳಿದಿಲ್ಲ.

"ನನ್ನದ ತಪ್ಪಾತವ್ವ" ಎಂದೆ. ಮಗಳಿಗೆ ಹಾಗೆ ಹೇಳಿದ್ದು ಅದೇ ಮೊದಲು. "ಹಲಗಿ ಮ್ಯಾಲ ಬೂಟ ಹೆಂಗ ಇರತಾವ, ಒಂದ ಫೋಟೋ ಕಳಸು."

ಫೋಟೋ ಬಂತು. ಬೂಟುಗಳನ್ನು ಹಲಗೆಗೆ ಬಿಗಿಯುವ ಪಟ್ಟಿಗಳಿರುತ್ತವೆ. ಆ ಪಟ್ಟಿಗಳಲ್ಲಿ ಎರಡೂ ಬೂಟುಗಳು ಬಾತುಕೋಳಿಯ ಕಾಲಿನ ಹಾಗೆ ಒಂದು ಆ ಕಡೆ, ಒಂದು ಈ ಕಡೆ ಮೂತಿ ತಿರುಗಿಸಿಕೊಂಡಿದ್ದವು. ಫೋನನ್ನು ದೂರ ಹಿಡಿದು ನೋಡಿದೆ, ಹತ್ತಿರ ಹಿಡಿದು ನೋಡಿದೆ. ಗಲ್ಲೆಯ ಕೆಳಗಿನ ಡಬ್ಬಿ ತೆಗೆದು, ಬೂಟಿನ ಅಳತೆಯ ಕಡ್ಡಿಯನ್ನು ಹುಡುಕಿ, ಗಲ್ಲೆಯ ಹಲಗೆಯ ಮೇಲೆ ಮೊದಲು ಅಡ್ಡ ಇಟ್ಟೆ, ಆಮೇಲೆ ಓರೆ ಇಟ್ಟೆ. ಮೂವತ್ತೈದು ವರ್ಷದ ಹಿಂದಿನ ರೇಣವ್ವ ಬಾಗಿಲಲ್ಲಿ ಬಂದು ನಿಂತಂತಾಯಿತು. ಓರೆ ಹಿಡಿದರೆ ಅಳತೆ ಗಿಡ್ಡ ಬರುತ್ತದೆ!

ಮತ್ತೆ ಫೋನು ಹಚ್ಚಿದೆ. "ಸಾವಿತ್ರಿ, ಕಾಲ ಓರೆ ಅದಾವು. ಓರೆ ಇದ್ರ ಬೂಟು ಅಗಲದ ಲೆಕ್ಕಕ್ಕ ಗಿಡ್ಡ ಆಗತಾವ. ಆ ಪಟ್ಟಿ ಸಡಲ ಮಾಡಿ ಕಾಲ ನೆಟ್ಟಗ ಅಡ್ಡ ಇಡು. ಇಡಾಕ ಬರತೈತೇನ ಮಾಸ್ತರನ್ನ ಕೇಳು."

"ಒಂದ ಬೆರಳ ಹೊರಗ ಬರತಾವೇನ ಪಪ್ಪಾ?" ಎಂದು ಕೇಳಿದಳು. ಆ ದನಿಯಲ್ಲಿ ಆಸೆ ಇತ್ತು.

"ಒಂದ ಬೆರಳ ಇಲ್ಲ. ಎಷ್ಟ ಬರತಾವೋ ಅಷ್ಟ."

ಮರುದಿನ ಬೆಳಿಗ್ಗೆ ಮಾಸ್ತರು ತಲೆ ಕೆರೆದುಕೊಂಡರಂತೆ. ಓರೆ ಇಟ್ಟರೆ ಮೊಣಕಾಲಿಗೆ ಹಿತ, ಅದಕ್ಕೇ ಹಾಗೆ ಇಡುವುದು ರೂಢಿ. ನೆಟ್ಟಗೆ ಇಟ್ಟರೆ ಕಾಲು ನೋಯುತ್ತದೆ, ಆದರೆ ನೋಡೋಣ ಎಂದು ತಿರುಪುಮೊಳೆ ಸಡಿಲಿಸಿ ಪಟ್ಟಿ ತಿರುಗಿಸಿಕೊಟ್ಟರು. ಇದು ಯಾರ ಸಲಹೆ ಎಂದು ಕೇಳಿದರು. "ನಮ್ಮಪ್ಪಂದು" ಎಂದಳಂತೆ. ಹಲಗೆ ಆರಿಸಿದ್ದು ಯಾರು ಎಂದೂ ಕೇಳಿದರು. ಅದಕ್ಕೆ ಅವಳು ಏನು ಹೇಳಿದಳೆಂದು ನನಗೆ ಗೊತ್ತಿಲ್ಲ, ಅವ್ವನಿಗೂ ಹೇಳಿಲ್ಲ.

ಸಂಜೆಯ ವರದಿ ಬಂತು. "ಅರ್ಧ ಉಗುರಷ್ಟ ಹೊರಗ ಬಂದಾವ ಪಪ್ಪಾ." ಅರ್ಧ ಉಗುರನ್ನು ಹಿಡಿದುಕೊಂಡು ನಾವಿಬ್ಬರೂ ದಿನ ನೂಕಿದೆವು. ಹಿಮ್ಮಡಿಯ ಕಡೆ ತಿರುಗುವುದು ಆರನೆಯ ದಿನ ಬಂತು. ಬೆರಳಿನ ಕಡೆಯದು ಏಳರಂದೂ ಬರಲಿಲ್ಲ, ಎಂಟರಂದೂ ಬರಲಿಲ್ಲ. ಮೊಣಕಾಲು ಬಾತಿದೆ ಎಂದು ಅವ್ವನಿಗೆ ಹೇಳಿದಳು, ಅಂದರೆ ನನಗೂ ತಿಳಿಯಿತು. ಒಂಬತ್ತರ ಸಂಜೆ ಫೋನಿನಲ್ಲಿ ಮೊದಲು ಬರೀ ಉಸಿರು ಕೇಳಿಸಿತು. ಆಮೇಲೆ, "ಪಪ್ಪಾ, ತಿರಗಿತು!"

ಹತ್ತನೆಯ ದಿನ ನಾನು ಅಂಗಡಿ ತೆರೆದದ್ದು ಹೆಸರಿಗೆ ಮಾತ್ರ. ಬೆಳಕು ಮುಗಿಯುವ ಹೊತ್ತಿಗೆ ಒಂದು ವಿಡಿಯೊ ಬಂತು. ನಾನೂ ಕಸ್ತೂರಿಯೂ ತಲೆಗೆ ತಲೆ ಹಚ್ಚಿ ನೋಡಿದೆವು. ಇಡೀ ಬೆಳ್ಳಗಿನ ಬೆಟ್ಟದ ಮೇಲೆ ಒಂದು ಚುಕ್ಕಿ. ಅದು ಎಡಕ್ಕೆ ತಿರುಗಿತು, ಸ್ವಲ್ಪ ತಡೆದು ಬಲಕ್ಕೆ ತಿರುಗಿತು. ಹತ್ತಿರ ಬರುತ್ತ ಹಸಿರು ಹಲಗೆ ಕಂಡಿತು, ಅದರ ಮೇಲೆ ನಮ್ಮ ಹುಡುಗಿ ಕಂಡಳು. ಕ್ಯಾಮೆರಾದ ಮುಂದೆ ಬಂದು ನಿಲ್ಲಲು ಹೋಗಿ ದಬಕ್ಕನೆ ಬಿದ್ದು, ಬಿದ್ದಲ್ಲಿಂದಲೇ ಎರಡೂ ಕೈ ಎತ್ತಿ ಕೂಗಿದಳು. ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೊನಿಗೆ ಬಿದ್ದಳಲ್ರಿ" ಎಂದಳು. ನಾನು ಆ ವಿಡಿಯೊವನ್ನು ಬೇಕರಿಯವರಿಗೂ ತೋರಿಸಿದೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಅದಕ್ಕೆ ಬೇಕರಿಯ ಹೊಗೆ ಕಾರಣವಲ್ಲ.

ಸಾವಿತ್ರಿ ಮರಳಿ ಬಂದಳು. ಮೊದಲಿನ ಹಲಗೆಯನ್ನು ಯಾರಿಗೂ ಕೊಡದೆ ಇಟ್ಟುಕೊಳ್ಳಲು ಬಸವರಾಜನಿಗೆ ಫೋನು ಮಾಡಿದ್ದಾಳೆ. ಮುಂದಿನ ಚಳಿಗಾಲದೊಳಗೆ ಈ ಹಸಿರು ಹಲಗೆಯನ್ನು ವಾಪಸ್ ಒಯ್ಯಬೇಕು. ಅಲ್ಲಿಯವರೆಗೆ ಅದು ಅಂಗಡಿಯಲ್ಲಿ ನಿಂತಿರುತ್ತದೆ. ಬಸ್ಸಿನಲ್ಲಿ ಒಯ್ಯುವ ಕೆಲಸ ನನ್ನದು, ಕಡ್ಡಿ ಮಾತ್ರ ಒಯ್ಯಕೂಡದು ಎಂದು ಮನೆಯಲ್ಲಿ ತೀರ್ಮಾನವಾಗಿದೆ.

ಬಂದ ದಿನವೇ ಚೀಲದ ತಳದಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಕಾಶ್ಮೀರದ ಚರ್ಮದ ಚಪ್ಪಲಿ, ಹಿಂದೆ ಪಟ್ಟಿಯಿಲ್ಲದ್ದು, ಒಳಗೆಲ್ಲ ಮೆತ್ತಗಿನ ಕುರಿಯ ಉಣ್ಣೆ.

"ಜಗತ್ತಿಗೆಲ್ಲಾ ಚಪ್ಪಲ್ ಕೊಡತೀರಿ. ನಿಮಗ ಯಾರರ ತಂದ ಕೊಟ್ಟಾರೇನ?" ಎಂದಳು.

ಯಾರೂ ಕೊಟ್ಟಿರಲಿಲ್ಲ. ಅಪ್ಪ ಹೋದ ಮೇಲೆ ನಾನು ಹಾಕಿಕೊಂಡದ್ದೆಲ್ಲ ಖರ್ಚಾಗದೆ ಉಳಿದವು.

"ಅಳತಿ ಎಲ್ಲಿ ಸಿಕ್ತು ನಿನಗ?"

ಅವಳು ಹೆಮ್ಮೆಯಿಂದ ಕಿಸೆಯೊಳಗಿಂದ ಒಂದು ಕಸಬರಿಗೆ ಕಡ್ಡಿ ತೆಗೆದಳು. ನಡುವೆ ನೀಲಿ ದಾರ ಕಟ್ಟಿತ್ತು. "ಹೋಗೂಕಿಂತ ಮೊದಲ, ಮಧ್ಯಾಹ್ನ ಅಂಗಡಿ ಮುಚ್ಚಿ ನೀವು ಮಕ್ಕೊಂಡಿದ್ರಿಲ್ಲ, ಆವಾಗ ತಗೊಂಡೆ. ಹಾಕ್ಕೋರಿ, ನೋಡೂಣು."

ಹಾಕಿಕೊಂಡೆ. ಎದ್ದು ನಿಂತೆ. ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆದೆ. ಮಲಗಿದವನ ಪಾದಕ್ಕೆ ಕಡ್ಡಿ ಹೇಗೆ ಹಿಡಿದಿರಬೇಕೆಂದು ನಾಲ್ಕು ಹೆಜ್ಜೆಗಳಲ್ಲಿ ತಿಳಿಯಿತು.

"ಸರಿ ಆದ್ವೇನ್ ಪಪ್ಪಾ?"

"ಹೇಳಿ ಮಾಡಿಸಿದಂಗ ಆಗ್ಯಾವ" ಎಂದೆ. ಆ ಮಾತು ಬರಲು ನನಗೆ ತುಸು ಹೊತ್ತೂ ಹಿಡಿಯಲಿಲ್ಲ.

ಈಗ ಏಪ್ರಿಲ್. ಡಿಚೋಲಿಯ ಬಿಸಿಲಿಗೆ ಡಾಂಬರು ಮೆತ್ತಗಾಗಿದೆ. ನಾನು ಕುರಿಯ ಉಣ್ಣೆಯ ಚಪ್ಪಲಿ ಮೆಟ್ಟಿಕೊಂಡು ದಿನಾಲು ಅಂಗಡಿಗೆ ಬರುತ್ತೇನೆ, ಬೆರಳ ಸಂದುಗಳು ಬೆವರಿ ಕಿತಕಿತ ಎನ್ನುತ್ತವೆ. ನೀವೂ ಬನ್ನಿ, ಹಲಗೆ ನೋಡಿ, ಮುಟ್ಟಿ ನೋಡಿ. ನನ್ನ ಹಿಮ್ಮಡಿಯ ಕಡೆ ಮಾತ್ರ ನೋಡಬೇಡಿ. ಅದು ಒಂದು ಬೆರಳು ಹೊರಗಿದೆ. ಸಾವಿತ್ರಿಗೆ ಗೊತ್ತಿಲ್ಲ. ಕಸ್ತೂರಿ ಮೊದಲ ದಿನವೇ ನೋಡಿದ್ದಾಳೆ. ಮಗಳಿಗೆ ಹೇಳಬೇಡ ಎಂದು ನಾನು ಅವಳಿಗೆ ಹೇಳಿಲ್ಲ. ಹೇಳಿದ್ದರೆ ಹೇಳಿಬಿಡುತ್ತಿದ್ದಳು.